ಹಳೆಯ ಕಂಪ್ಯೂಟರ್‌ಗೆ ದುಡ್ಡು ಹಾಕುವ ಮುಂಚೆ

ತಿಪಟೂರಿನ ಅಕ್ಕನ ಮನೆಯಲ್ಲಿ 2015ರಲ್ಲಿ ಕೊಂಡ ಒಂದು ಡೆಸ್ಕ್‌ಟಾಪ್ ಇದೆ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. 2023ರ ಹೊತ್ತಿಗೆ ಅದು ಎಷ್ಟು ನಿಧಾನವಾಗಿತ್ತು ಅಂದರೆ, ಭಾವ ಬೆಳಗ್ಗೆ ಸ್ವಿಚ್ ಹಾಕಿ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಬಳಕೆಗೆ ಸಿಗುತ್ತಿತ್ತು. ಅಂಗಡಿಯವರು ನೋಡಿ "ಇದು ಮುಗೀತು ಸರ್, ಹೊಸದು ತಗೊಳ್ಳಿ" ಎಂದು 38,000 ರೂಪಾಯಿಯ ಕೊಟೇಶನ್ ಕೊಟ್ಟರು. ಭಾವ ಅದನ್ನು ನನಗೆ ವಾಟ್ಸಾಪ್ ಮಾಡಿದರು. ಕೊನೆಗೆ ಆದ ಖರ್ಚು 2,600 ರೂಪಾಯಿ. 1,700ಕ್ಕೆ ಒಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲಿಗೆ ಹಾಕುವ ವೇಗದ ಡ್ರೈವ್), 700ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ರ‍್ಯಾಮ್, 200ಕ್ಕೆ ಕೇಬಲ್ ಮತ್ತು ಬ್ರ್ಯಾಕೆಟ್. ಆ ಕಂಪ್ಯೂಟರ್ ಇವತ್ತಿಗೂ ಓಡುತ್ತಿದೆ.

ಅದೇ ವರ್ಷ ನಮ್ಮ ಪಕ್ಕದ ಮನೆಯವರು ಹೆಚ್ಚುಕಮ್ಮಿ ಅಷ್ಟೇ ಹಳೆಯ ಕಂಪ್ಯೂಟರ್‌ಗೆ ಮೊದಲು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), ಆಮೇಲೆ ಮದರ್‌ಬೋರ್ಡ್, ಆಮೇಲೆ ಗ್ರಾಫಿಕ್ಸ್ ಕಾರ್ಡ್ ಅಂತ ಮೂರು ಸಲಕ್ಕೆ 16,000 ಸುರಿದರು. ಅದು ಈಗ ಬಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದೆ.

ಎರಡೂ ಮನೆಯವರು ದುಡ್ಡಿನ ಬೆಲೆ ತಿಳಿದವರೇ. ಅಕ್ಕನ ಮನೆಯಲ್ಲಿ ನಾವು ಎರಡು ಕೆಲಸ ಮೊದಲೇ ಮಾಡಿದ್ದೆವು. ಯಾವ ಭಾಗ ತಡೆಯುತ್ತಿದೆ ಎಂದು ನೋಡಿದ್ದೆವು. ಇಷ್ಟರ ಮೇಲೆ ಹಾಕುವುದಿಲ್ಲ ಎಂದು ಗೆರೆ ಎಳೆದುಕೊಂಡಿದ್ದೆವು. ಇದಕ್ಕೆ ಇಂಜಿನಿಯರ್ ಆಗಿರಬೇಕಿಲ್ಲ. ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಎಲ್ಲಿ ತಡೆಯುತ್ತಿದೆ ನೋಡಿ

ನೀವು ದಿನಾ ಮಾಡುವ ಕೆಲಸವನ್ನೇ ಶುರು ಮಾಡಿ. ಬ್ರೌಸರ್, ವರ್ಡ್, ಟ್ಯಾಲಿ, ಮಗುವಿನ ಆನ್‌ಲೈನ್ ಕ್ಲಾಸ್, ಯಾವುದಾದರೂ ಸರಿ. ಹ್ಯಾಂಗ್ ಆಗುವ ಹೊತ್ತಿಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟಕ್ಕೆ ಹೋದರೆ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್ ಎಷ್ಟೆಷ್ಟು ಶೇಕಡಾ ಕೆಲಸ ಮಾಡುತ್ತಿವೆ ಎಂದು ಕಾಣುತ್ತದೆ. ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಒಂದು ದಿನ ಸಾಲದು, ಮೂರ್ನಾಲ್ಕು ದಿನ ಬರೆಯಿರಿ.

ಡಿಸ್ಕ್ 100ಕ್ಕೆ ಅಂಟಿಕೊಂಡಿದೆ, ಉಳಿದೆರಡು ಆರಾಮಾಗಿವೆ ಅಂದರೆ ತಡೆಯುತ್ತಿರುವುದು ಹಾರ್ಡ್‌ಡಿಸ್ಕ್. ಮೆಮೊರಿ 85, 90 ದಾಟುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಎರಡೂ ಮೇಲೇ ಇದ್ದರೆ ಸ್ವಲ್ಪ ಯೋಚಿಸಬೇಕು. ರ‍್ಯಾಮ್ ತುಂಬಿದಾಗ ವಿಂಡೋಸ್ ಹೆಚ್ಚಾದದ್ದನ್ನು ಡಿಸ್ಕ್‌ನಲ್ಲಿ ಇಡುತ್ತದೆ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಅಡುಗೆ ಕಟ್ಟೆ ಚಿಕ್ಕದಾಗಿ, ಪಾತ್ರೆಯನ್ನೆಲ್ಲ ನಡುಮನೆಯಲ್ಲಿಟ್ಟು ಪ್ರತಿ ಸಲ ಓಡಾಡಿದ ಹಾಗೆ. ಡಿಸ್ಕ್ ಬಳಲುವುದು ಆಗ ರ‍್ಯಾಮ್‌ನ ದೆಸೆಯಿಂದ. ಅಕ್ಕನ ಮನೆಯದ್ದು ಇದೇ ಕೇಸು. ಹಾಗಾಗಿ ಅಲ್ಲಿ ಎರಡೂ ಬೇಕಾಯಿತು.

ಸಿಪಿಯು ಮಾತ್ರ 100 ಮುಟ್ಟಿ ನಿಂತರೆ, ಪ್ರೊಸೆಸಸ್ ಪುಟದಲ್ಲಿ ಯಾವ ಪ್ರೋಗ್ರಾಂ ಅದನ್ನು ತಿನ್ನುತ್ತಿದೆ ನೋಡಿ. ಎಷ್ಟೋ ಮನೆಗಳಲ್ಲಿ ಎರಡೆರಡು ಆಂಟಿವೈರಸ್ ಇರುತ್ತವೆ. ಒಂದನ್ನು ತೆಗೆದರೆ ಖರ್ಚಿಲ್ಲದೆ ಸಮಸ್ಯೆ ಮುಗಿಯುತ್ತದೆ.

ಅಲ್ಲೇ ಮೆಮೊರಿಯ ಮೇಲೆ ಒತ್ತಿ ಸ್ಪೀಡ್ ಎಷ್ಟು ಎಂದೂ ಬರೆದುಕೊಳ್ಳಿ. 1333 ಅಥವಾ 1600 ಇದ್ದರೆ ಅದು ಸಾಮಾನ್ಯವಾಗಿ ಡಿಡಿಆರ್3 (ಇದು ರ‍್ಯಾಮ್‌ನ ತಲೆಮಾರಿನ ಹೆಸರು). 2133ರಿಂದ 3200ರ ನಡುವೆ ಇದ್ದರೆ ಡಿಡಿಆರ್4. 4800 ಅಥವಾ ಅದಕ್ಕಿಂತ ಮೇಲಿದ್ದರೆ ಡಿಡಿಆರ್5. ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ. ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂದೂ ಅಲ್ಲೇ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಫಾರ್ಮ್ ಫ್ಯಾಕ್ಟರ್ ಎಂಬಲ್ಲಿ 'ರೋ ಆಫ್ ಚಿಪ್ಸ್' ಎಂದು ಬಂದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ. ಅದನ್ನು ಬದಲಿಸಲು ಆಗುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದರ ಜೊತೆಗೆ ಒಂದು ಸ್ಲಾಟ್ ಇರುತ್ತದೆ, ಮಾಡೆಲ್ ನಂಬರ್ ಹಾಕಿ ಹುಡುಕಿ ನೋಡಿ.

ಖರ್ಚಿಲ್ಲದ ಕೆಲಸಗಳು ಮೊದಲು

ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟಪ್ ಎಂಬ ಪುಟ ಇದೆ. ಕಂಪ್ಯೂಟರ್ ಆನ್ ಆದ ಕೂಡಲೇ ಸುಮ್ನೆ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ಅದು. ಬೇಡದ್ದನ್ನು ಡಿಸೇಬಲ್ ಮಾಡಿ. ಸಿ ಡ್ರೈವ್ ತುಂಬಿ ಕೆಂಪಾಗಿದ್ದರೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ಹಳೆಯ ಸಿನಿಮಾ, ಒಂದೇ ಫಾರ್ಮ್‌ನ ಹತ್ತು ಪ್ರತಿ ಅಲ್ಲಿ ಸಿಗುತ್ತವೆ.

ಆಮೇಲೆ ಧೂಳು. ನಮ್ಮ ಊರುಗಳಲ್ಲಿ ಇದು ಚಿಕ್ಕ ವಿಷಯ ಅಲ್ಲ. ಎದುರಿಗೆ ಮನೆ ಕಟ್ಟುತ್ತಿದ್ದರೆ ಆರು ತಿಂಗಳಲ್ಲಿ ಪ್ರೊಸೆಸರ್ ಮೇಲಿನ ಫ್ಯಾನ್ ಕಂಬಳಿ ಹೊದ್ದಿರುತ್ತದೆ. ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ನಮಗೆ ಅದು 'ಹಳೆಯದಾಯಿತು' ಅನ್ನಿಸುತ್ತದೆ. ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಮೆತ್ತನೆಯ ಬ್ರಷ್ ಮತ್ತು ಬ್ಲೋಯರ್‌ನಿಂದ ಸ್ವಚ್ಛ ಮಾಡಿ. ಬ್ಲೋಯರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳು ಅಡ್ಡ ಇಡಿ. ಐದಾರು ವರ್ಷ ಆಗಿದ್ದರೆ ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ, ಹೊಸದು ಹಚ್ಚಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಆನ್ ಮಾಡಿದರೆ ಬೀಪ್ ಬರುತ್ತದೆ, ಪರದೆ ಕಪ್ಪು. ಇದನ್ನು ನೋಡಿ "ಬೋರ್ಡ್ ಹೋಯ್ತು" ಎಂದು ನನಗೇ ಒಂದು ಅಂಗಡಿಯಲ್ಲಿ ಹೇಳಿದ್ದರು. ಮನೆಗೆ ತಂದು ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿದೆ. ಹತ್ತಿಕೊಂಡಿತು. ಬೋರ್ಡ್ ಬದಲಿಸಲು ಒಪ್ಪುವ ಮೊದಲು ಇದೊಂದನ್ನು ಮಾಡಿ ನೋಡಲೇಬೇಕು.

ಇನ್ನೊಂದು. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಹಿಂದಕ್ಕೆ ಹೋಗಿರುತ್ತದೆ, ಬ್ಯಾಂಕಿನ ವೆಬ್‌ಸೈಟ್ 'ಸುರಕ್ಷಿತವಲ್ಲ' ಎಂದು ತೆರೆಯುವುದಿಲ್ಲ. ಇದು ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದ ಲಕ್ಷಣ. ಸಿಆರ್2032 ಎಂದು ಕೇಳಿ. ನೂರು ರೂಪಾಯಿ ಕೂಡ ಆಗುವುದಿಲ್ಲ.

ಒಂದೇ ಒಂದು ಭಾಗ ಬದಲಿಸುವುದಾದರೆ ಎಸ್‌ಎಸ್‌ಡಿ

ನಿಮ್ಮ ಕಂಪ್ಯೂಟರ್ ಇನ್ನೂ ಹಾರ್ಡ್‌ಡಿಸ್ಕ್‌ನಿಂದಲೇ ಶುರುವಾಗುತ್ತಿದ್ದರೆ, ಬೇರೆ ಯಾವುದನ್ನೂ ಮುಟ್ಟುವ ಮುಂಚೆ ಇದನ್ನು ಮಾಡಿ. ಹಾರ್ಡ್‌ಡಿಸ್ಕ್ ಒಳಗೆ ತಟ್ಟೆ ತಿರುಗುತ್ತದೆ, ಮುಳ್ಳಿನಂಥ ಒಂದು ಕೈ ಅದರ ಮೇಲೆ ಓಡಾಡಿ ಓದುತ್ತದೆ. ಒಂದು ಫೈಲ್ ಇರುವ ಜಾಗಕ್ಕೆ ಆ ಕೈ ತಲುಪಲು 10 ಮಿಲಿಸೆಕೆಂಡ್ ಆಸುಪಾಸು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡಾಡುವುದು ಏನೂ ಇಲ್ಲ, ಮಿಲಿಸೆಕೆಂಡ್‌ನ ಹತ್ತನೇ ಒಂದು ಭಾಗ ಸಾಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್ ಓದುತ್ತದೆ. ಆ ಎಲ್ಲ ಕಾಯುವಿಕೆ ಕೂಡಿಕೊಂಡೇ ಭಾವನ ಸ್ನಾನದಷ್ಟು ಹೊತ್ತು ಆಗುತ್ತಿದ್ದದ್ದು. ದೊಡ್ಡ ಫೈಲ್ ಕಾಪಿ ಮಾಡುವಾಗಲೂ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ, ಸಾಟಾ ಎಂಬ ಹಳೆಯ ಬಗೆಯ ಜೋಡಣೆಯ ಎಸ್‌ಎಸ್‌ಡಿ 500ರ ಆಸುಪಾಸು ಓಡುತ್ತದೆ.

ಅಂಗಡಿಯಲ್ಲಿ ಎರಡು ಬಗೆ ತೋರಿಸುತ್ತಾರೆ. ಒಂದು ಚಪ್ಪಟೆ ಡಬ್ಬಿಯಂತಿರುವ 2.5 ಇಂಚಿನ ಸಾಟಾ. ಇನ್ನೊಂದು ಬಬಲ್‌ಗಮ್ ಪಟ್ಟಿಯಂಥ ಎಂ.2. ಹಳೆಯ ಬೋರ್ಡ್‌ಗಳಿಗೆ ಮೊದಲನೆಯದೇ ಸರಿ. ಬೋರ್ಡಿನಲ್ಲಿ ಎಂ.2 ಸ್ಲಾಟ್ ಇದ್ದರೆ ಅದು ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆ) ಒಪ್ಪುತ್ತದೋ, ಸಾಟಾ ಮಾತ್ರವೋ ಎಂದು ಬೋರ್ಡಿನ ಮಾಡೆಲ್ ಹೆಸರು ಹಾಕಿ ನೋಡಿ. ನೋಡಲು ಎರಡೂ ಒಂದೇ ತರ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡದೆ ಇರಬಹುದು. ಬಿಲ್, ಬ್ಯಾಂಕು, ಬರವಣಿಗೆಗೆ ಎನ್‌ವಿಎಂಇಯ ಹೆಚ್ಚಿನ ವೇಗ ನಿಮ್ಮ ಅನುಭವಕ್ಕೆ ಅಷ್ಟಾಗಿ ಬರುವುದಿಲ್ಲ. ಹಾರ್ಡ್‌ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬರುವುದೇ ದೊಡ್ಡ ನೆಗೆತ.

240 ಜಿಬಿ ಸಾಮಾನ್ಯ ಮನೆಗೆ ಸಾಕು. ಫೋಟೊ, ವಿಡಿಯೊ ಹಳೆಯ ಹಾರ್ಡ್‌ಡಿಸ್ಕ್‌ನಲ್ಲೇ ಇರಲಿ, ಎರಡೂ ಒಟ್ಟಿಗೆ ಇರಬಹುದು. ಎಸ್‌ಎಸ್‌ಡಿ ಜೊತೆ ಸಾಮಾನ್ಯವಾಗಿ ಸಾಟಾ ಕೇಬಲ್ ಬರುವುದಿಲ್ಲ ಎಂಬುದು ನೆನಪಿರಲಿ. ಬಳಸದ ಡಿವಿಡಿ ಡ್ರೈವ್ ಇದ್ದರೆ ಅದರ ಕೇಬಲನ್ನೇ ಕಿತ್ತು ಇದಕ್ಕೆ ಹಾಕಬಹುದು. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ 2 ಟಿಬಿ ಎಂದು ಕಾಣುವ ಹೆಸರಿಲ್ಲದ ಎಸ್‌ಎಸ್‌ಡಿಗಳ ಕಡೆ ತಿರುಗಿ ಕೂಡ ನೋಡಬೇಡಿ. ಅಂಥವುಗಳ ಒಳಗೆ ಚಿಕ್ಕ ಮೆಮೊರಿ ಕಾರ್ಡ್ ಇಟ್ಟು, ದೊಡ್ಡ ಅಳತೆ ತೋರಿಸುವ ಹಾಗೆ ಮಾಡಿರುತ್ತಾರೆ. ಸ್ವಲ್ಪ ದಿನ ಚೆನ್ನಾಗಿದ್ದು ಆಮೇಲೆ ಫೋಟೊಗಳನ್ನೆಲ್ಲ ನುಂಗುತ್ತವೆ.

ಹಾಕಿಸುವ ಮುಂಚೆ ಹಳೆಯ ಡಿಸ್ಕ್‌ನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಇದೆ. 'ಗುಡ್' ಎಂದು ನೀಲಿ ಬಂದರೆ ಸರಿ. ಹಳದಿಯಲ್ಲಿ 'ಕಾಷನ್' ಎಂದು ಬಂದರೆ ಅಪ್‌ಗ್ರೇಡ್ ಮಾತು ಪಕ್ಕಕ್ಕಿಟ್ಟು, ಅವತ್ತೇ ಮಕ್ಕಳ ಫೋಟೊ, ಪತ್ರ, ಪಹಣಿ ಸ್ಕ್ಯಾನ್ ಎಲ್ಲ ಬೇರೆ ಕಡೆ ಕಾಪಿ ಮಾಡಿ. ಡಿಸ್ಕ್ ಯಾವಾಗ ನಿಲ್ಲುತ್ತದೋ ಹೇಳಲು ಬರುವುದಿಲ್ಲ.

ಅಂಗಡಿಯಲ್ಲಿ ವಿಂಡೋಸ್ ಹಾಕಿಸುವಾಗ ಒಂದು ಮಾತು. ನಿಮ್ಮದು ಅಸಲಿ ವಿಂಡೋಸ್ 10 ಆಗಿದ್ದರೆ ಅದರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿದರೆ ಹೋಗುವುದಿಲ್ಲ. ಅದೇ ಆವೃತ್ತಿ, ಅಂದರೆ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಹಾಕಿ ಇಂಟರ್ನೆಟ್‌ಗೆ ಸೇರಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ಆದ್ದರಿಂದ ಮತ್ತೆ ಲೈಸೆನ್ಸ್‌ಗೆ ದುಡ್ಡು ಕೊಡಬೇಡಿ, ಕ್ರ್ಯಾಕ್ ಮಾಡಿದ್ದನ್ನೂ ಹಾಕಲು ಬಿಡಬೇಡಿ. ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುವ ಕಂಪ್ಯೂಟರ್ ಅದು, ಅಲ್ವಾ?

ರ‍್ಯಾಮ್: ಈಗ ಲೆಕ್ಕ ಬದಲಾಗಿದೆ

ವರ್ಷಗಟ್ಟಲೆ ನಾನು ಎಲ್ಲರಿಗೂ "ರ‍್ಯಾಮ್ ಅಗ್ಗ, ಎರಡರಷ್ಟು ಹಾಕಿಸಿ" ಎನ್ನುತ್ತಿದ್ದೆ. 2025ರ ಕೊನೆಯಿಂದ ಆ ಮಾತು ನಿಂತಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳ ಬೇಡಿಕೆ ಏರಿ, ತಯಾರಕರು ಆ ಕಡೆ ತಿರುಗಿದ್ದರಿಂದ ಮನೆ ಬಳಕೆಯ ರ‍್ಯಾಮ್ ಬೆಲೆ ಜೋರಾಗಿ ಏರಿತು. ಎಸ್‌ಎಸ್‌ಡಿ ಕೂಡ ಅದರ ಹಿಂದೆಯೇ ಏರಿತು. ಹಾಗಾಗಿ ಸುಮ್ನೆ ಇರಲಿ ಎಂದು 32 ಜಿಬಿ ಹಾಕಿಸುವ ಕಾಲ ಇದಲ್ಲ.

ನಿಮ್ಮ ಹಾಳೆ ನೋಡಿ. 4 ಜಿಬಿ ಇದ್ದರೆ 8 ಮಾಡಿಸಿ, ಇದರಲ್ಲಿ ಎರಡು ಮಾತಿಲ್ಲ. 8 ಇದ್ದು ಮೆಮೊರಿ 70ರ ಒಳಗೇ ಇದ್ದರೆ ಮುಟ್ಟಬೇಡಿ. 8 ಇದ್ದು ದಿನಾ 90 ಮುಟ್ಟುತ್ತಿದ್ದರೆ 16 ಸರಿ. ಖಾಲಿ ಸ್ಲಾಟ್ ಇದ್ದರೆ ಇರುವ ರ‍್ಯಾಮ್ ಹಾಗೇ ಬಿಟ್ಟು, ಅದೇ ಅಳತೆಯ, ಅದೇ ಸ್ಪೀಡಿನ ಇನ್ನೊಂದನ್ನು ಪಕ್ಕಕ್ಕೆ ಹಾಕಿ. ಎರಡು ಕಡ್ಡಿ ಒಟ್ಟಿಗೆ ಕೆಲಸ ಮಾಡಿದಾಗ ಡ್ಯುಯಲ್ ಚಾನೆಲ್ ಆಗಿ ವೇಗವೂ ಸ್ವಲ್ಪ ಹೆಚ್ಚುತ್ತದೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕಂಪ್ಯೂಟರ್ ಭಾಗಗಳಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳಲು ನಾನು ಹಿಂಜರಿಯದ ಒಂದೇ ವಸ್ತು ರ‍್ಯಾಮ್. ಅದರಲ್ಲಿ ಸವೆಯುವ ಭಾಗ ಇಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹಳೆಯ ಡಿಡಿಆರ್3, ಡಿಡಿಆರ್4 ಇಟ್ಟುಕೊಂಡಿರುವ ಚಿಕ್ಕ ಅಂಗಡಿಗಳಿವೆ. ನಿಮ್ಮ ರ‍್ಯಾಮ್ ಬಿಚ್ಚಿ ಜೇಬಿನಲ್ಲಿಟ್ಟುಕೊಂಡೇ ಹೋಗಿ, ಅದರ ಮೇಲಿನ ಚೀಟಿ ತೋರಿಸಿ ಕೇಳಿ. ತಂದ ಮೇಲೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ನೋಡಿ, ತಪ್ಪು ತೋರಿಸಿದರೆ ವಾಪಸ್ ಕೊಡುವ ಮಾತು ಮೊದಲೇ ಆಡಿರಿ. ಹಾರ್ಡ್‌ಡಿಸ್ಕ್ ಮತ್ತು ಎಸ್‌ಎಂಪಿಎಸ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ.

ವಿಂಡೋಸ್ 10 ಮುಗಿದ ಮೇಲೆ

ದುಡ್ಡು ಹಾಕಬೇಕೋ ಬೇಡವೋ ಎಂಬುದನ್ನು ಈಗ ನಿಜವಾಗಿ ತೀರ್ಮಾನಿಸುವುದು ಈ ಪ್ರಶ್ನೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಇದಕ್ಕೆ ದುಡ್ಡು ಕೊಡಬೇಕಿಲ್ಲ.

ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿ ಅಥವಾ ಆಮೇಲಿನದ್ದು ಬೇಕು. ಜೊತೆಗೆ ಟಿಪಿಎಂ 2.0, ಅಂದರೆ ಸುರಕ್ಷತೆಯ ಕೀಲಿಗಳನ್ನು ಕಾಯುವ ವ್ಯವಸ್ಥೆ. ನಿಮ್ಮ ಪ್ರೊಸೆಸರ್ ಹೆಸರು ಐ5-8400 ಅಂತಿದ್ದರೆ ಗೆರೆಯ ನಂತರದ 8 ಎಂಬುದೇ ತಲೆಮಾರು. ಐ5-10400 ಇದ್ದರೆ 10ನೇ ತಲೆಮಾರು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಪ್ರೋಗ್ರಾಂ ಓಡಿಸಿದರೆ ಆಗುತ್ತದೋ ಇಲ್ಲವೋ ಹೇಳುತ್ತದೆ. 8ನೇ ತಲೆಮಾರಿನದ್ದೇ ಇದ್ದು "ಟಿಪಿಎಂ ಇಲ್ಲ" ಎಂದು ಬಂದರೆ ಹೊಸ ಬೋರ್ಡ್ ಕೊಳ್ಳಲು ಓಡಬೇಡಿ. ಬಹಳ ಸಲ ಅದು ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನದೇ ಪ್ರೋಗ್ರಾಂ) ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇರುತ್ತದೆ. ಆನ್ ಮಾಡಿ. ಅಸಲಿ ವಿಂಡೋಸ್ 10 ಇದ್ದವರಿಗೆ 11 ಉಚಿತ.

ಪ್ರೊಸೆಸರ್ ಹಳೆಯದಾಗಿದ್ದರೆ ತಂತ್ರ ಮಾಡಿ 11 ಹಾಕುವ ದಾರಿಗಳಿವೆ. ಆದರೆ ಅಂಥ ಕಂಪ್ಯೂಟರ್‌ಗೆ ಅಪ್‌ಡೇಟ್ ಸಿಗುವ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಬ್ಯಾಂಕ್ ಕೆಲಸ ಮಾಡುವ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಅಕ್ಕನ ಮನೆಯಲ್ಲಿ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆವು. ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಇಷ್ಟವಾದರೆ ಮಾತ್ರ ಡಿಸ್ಕ್‌ಗೆ ಹಾಕಿಕೊಳ್ಳಬಹುದು. ಕರೆಂಟ್ ಬಿಲ್, ಪಹಣಿ, ಯೂಟ್ಯೂಬ್, ಇಮೇಲ್ ಎಲ್ಲ ಬ್ರೌಸರ್‌ನಲ್ಲೇ ಆಗುವುದರಿಂದ ಅಕ್ಕನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಭಾವನದ್ದು ಬೇರೆ ಚಿಂತೆ. ಮೇಷ್ಟರಾಗಿದ್ದವರು, ಬೆರಳು ನುಡಿ ಕೀಲಿಮಣೆಗೆ ಒಗ್ಗಿದೆ. ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೆಳಗೆ 'ಕಗಪ' ಎಂಬ ವಿನ್ಯಾಸ ಇದೆ, ನುಡಿ ಮಾಡಿದ ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳೇ ಅವು. ಅದನ್ನು ಆರಿಸಿಕೊಟ್ಟ ಮೇಲೆ ಅವರು ಯೂನಿಕೋಡ್‌ನಲ್ಲಿ ಆರಾಮಾಗಿ ಬರೆಯುತ್ತಿದ್ದಾರೆ. ಆದರೆ ನೀವು ಡಿಟಿಪಿ ಕೆಲಸದವರಾಗಿದ್ದು, ಹಳೆಯ ನುಡಿ ಫಾಂಟ್‌ಗಳಲ್ಲಿ ಪೇಜ್‌ಮೇಕರ್ ಕಡತಗಳಿದ್ದರೆ, ಅಥವಾ ಟ್ಯಾಲಿ ಬೇಕಿದ್ದರೆ ವಿಂಡೋಸ್‌ನಲ್ಲೇ ಇರುವುದು ಒಳ್ಳೆಯದು.

ಎಲ್ಲಿ ನಿಲ್ಲಿಸಬೇಕು

ನನ್ನ ಗೆರೆ ಇದು. ನಿಮ್ಮ ಕೆಲಸಕ್ಕೆ ಸಾಕಾಗುವ ಹೊಸ ಕಂಪ್ಯೂಟರ್‌ನ ಬೆಲೆ ಕೇಳಿ ತಿಳಿದುಕೊಳ್ಳಿ. ಹಳೆಯದಕ್ಕೆ ಹಾಕುವ ಒಟ್ಟು ದುಡ್ಡು ಅದರ ಕಾಲು ಭಾಗ ದಾಟಬಾರದು. 'ಒಟ್ಟು' ಎಂಬ ಮಾತು ಮುಖ್ಯ. ಈ ತಿಂಗಳು 3,000, ಮುಂದಿನ ತಿಂಗಳು 5,000 ಎಂದು ಬಿಡಿಬಿಡಿಯಾಗಿ ಹೋದಾಗ ನೋವಾಗುವುದಿಲ್ಲ. ಪಕ್ಕದ ಮನೆಯಲ್ಲಿ ಆದದ್ದೇ ಇದು. ಕ್ಯಾಬಿನೆಟ್ ಮೇಲೆ ಒಂದು ಚೀಟಿ ಅಂಟಿಸಿ, ಹಾಕಿದ್ದನ್ನೆಲ್ಲ ತಾರೀಕಿನ ಸಮೇತ ಬರೆಯಿರಿ.

ಡಿಡಿಆರ್3 ಕಾಲದ ಮದರ್‌ಬೋರ್ಡ್ ಸುಟ್ಟುಹೋಯಿತು ಅಂದರೆ ಅಲ್ಲಿಗೆ ನಿಲ್ಲಿಸಿ. ಹೊಸ ಬೋರ್ಡ್ ತಂದರೆ ಹೊಸ ಪ್ರೊಸೆಸರ್ ಬೇಕು, ಹೊಸ ರ‍್ಯಾಮ್ ಬೇಕು. ಅದು ಹೊಸ ಕಂಪ್ಯೂಟರೇ ಆಯಿತು. ಹಳೆಯ ಐ3 ತೆಗೆದು ಅದೇ ಕಾಲದ ಸೆಕೆಂಡ್ ಹ್ಯಾಂಡ್ ಐ7 ಹಾಕುವುದೂ ನನಗೆ ಸರಿ ಕಾಣುವುದಿಲ್ಲ, ವಿಂಡೋಸ್ 11ರ ಬಾಗಿಲು ಹಾಗೂ ಮುಚ್ಚಿಯೇ ಇರುತ್ತದೆ.

ಎಎಂಡಿಯ ಎಎಂ4 (ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರು) ಬೋರ್ಡ್ ಇದ್ದವರು ಮಾತ್ರ ಇಲ್ಲಿ ಅದೃಷ್ಟವಂತರು. ಬಿ450 ಬೋರ್ಡಿನಲ್ಲಿ ರೈಜನ್ 5 2600 ಇದ್ದರೆ, ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಅದೇ ಜಾಗಕ್ಕೆ ರೈಜನ್ 5 5600 ಕೂರಿಸಬಹುದು. ಬೋರ್ಡ್, ರ‍್ಯಾಮ್ ಎಲ್ಲ ಹಳೆಯದೇ. ಇಂಟೆಲ್‌ನಲ್ಲಿ ಸಾಕೆಟ್ ಹೆಸರು ಒಂದೇ ಇದ್ದರೂ ಮೋಸ ಹೋಗುತ್ತೀರಿ. 7ನೇ ತಲೆಮಾರಿಗೂ 8ಕ್ಕೂ ಎಲ್‌ಜಿಎ 1151 ಎಂದೇ ಹೆಸರು, ಆದರೆ ಹಳೆಯ ಬೋರ್ಡ್ 8ನ್ನು ಒಪ್ಪುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್ ಆಟ ಆಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ. ಉಳಿದವರಿಗೆ ಬೇಡ.

ಬದಲಿಸಲೇಬೇಕು ಎಂದಾದರೆ

ಮಾನಿಟರ್, ಕೀಬೋರ್ಡ್, ಯುಪಿಎಸ್ ಹಳೆಯವೇ ಇರಲಿ. ಎಸ್‌ಎಸ್‌ಡಿ ಈಗಾಗಲೇ ಹಾಕಿಸಿದ್ದರೆ ಅದೂ ಹೊಸದಕ್ಕೆ ಬರುತ್ತದೆ, ಆ ದುಡ್ಡು ದಂಡ ಆಗಲಿಲ್ಲ. ಬರೀ ಡಬ್ಬಿ ಕೊಳ್ಳಿ.

ಹೊಸ ಅಸೆಂಬಲ್ಡ್ ಕೊಳ್ಳುವಾಗ ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಇದೆಯಾ ನೋಡಿ. ಐ3-12100ಎಫ್ ಎಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ಅಗ್ಗ ಎಂದು ತಂದರೆ ಪರದೆಯಲ್ಲಿ ಏನೂ ಬರುವುದಿಲ್ಲ, ಮತ್ತೆ ಕಾರ್ಡ್‌ಗೆ ಓಡಬೇಕು. ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ. ಅದು ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಸಾಮಾನ್ಯ ಮನೆಗೆ ನಾನು ಹೇಳುವುದು ರೀಫರ್ಬಿಶ್ಡ್ ಆಫೀಸ್ ಡೆಸ್ಕ್‌ಟಾಪ್. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಬೆಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು. ಆದರೆ 8ನೇ ತಲೆಮಾರಿಗಿಂತ ಹಳೆಯದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅಂಗಡಿಯಲ್ಲೇ ಆನ್ ಮಾಡಿಸಿ, ಟಿಪಿಎಂ ಮತ್ತು ಎಸ್‌ಎಸ್‌ಡಿ ಆರೋಗ್ಯ ನೋಡಿ, ಎಲ್ಲ ಯುಎಸ್‌ಬಿ ಕಿಂಡಿಗೂ ಒಂದು ಪೆನ್ ಡ್ರೈವ್ ಚುಚ್ಚಿ ನೋಡಿ. ಸೀರಿಯಲ್ ನಂಬರ್ ಬರೆದ ಬಿಲ್ ಮತ್ತು ವಾರಂಟಿ ಕೇಳಿ. ಇವುಗಳಲ್ಲಿ ಬಹಳಷ್ಟಕ್ಕೆ ಎಸ್‌ಎಂಪಿಎಸ್ ಆ ಕಂಪನಿಯದ್ದೇ ಅಳತೆಯದು, ಕೆಟ್ಟರೆ ಮಾಮೂಲಿಯದ್ದು ಕೂರುವುದಿಲ್ಲ. ಅಂಗಡಿಯವರ ಬಳಿ ಬಿಡಿಭಾಗ ಸಿಗುತ್ತದಾ ಎಂದು ಕೇಳಿಕೊಂಡೇ ತನ್ನಿ.

ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಎಚ್ಚರಿಕೆ. ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಉಬ್ಬಿ ಮೇಲೆ ಬಂದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಹಾಕುವುದನ್ನು ಅವತ್ತೇ ನಿಲ್ಲಿಸಿ ಬದಲಿಸಿ. ಬೆಂಕಿ ಹತ್ತುವ ಅಪಾಯ ಇದೆ.

ಹಳೆಯದನ್ನು ಎಕ್ಸ್‌ಚೇಂಜ್‌ಗೆ ಅಥವಾ ಗುಜರಿಗೆ ಕೊಡುವ ಮುಂಚೆ ಹಾರ್ಡ್‌ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳಿ. ಡಿಲೀಟ್ ಮಾಡಿದ್ದನ್ನು ಮತ್ತೆ ತೆಗೆಯಲು ಬರುತ್ತದೆ, ಅದರಲ್ಲಿ ನಿಮ್ಮ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಇರುತ್ತವೆ. ಡಿಸ್ಕ್ 'ಗುಡ್' ಇದ್ದರೆ ಅದರ ಅಳತೆಗೆ ಹೊಂದುವ ಒಂದು ಯುಎಸ್‌ಬಿ ಕೇಸ್ ತಂದು ಅದರೊಳಗೆ ಕೂರಿಸಿ. ಅಕ್ಕ ಹಾಗೆ ಮಾಡಿದ ಡಿಸ್ಕ್ ಬೀರುವಿನಲ್ಲಿ ಸೀರೆಗಳ ನಡುವೆ ಇದೆ. ತಿಂಗಳಿಗೊಮ್ಮೆ ತೆಗೆದು ಫೋಟೊ ಕಾಪಿ ಮಾಡಿ, ಮತ್ತೆ ಅಲ್ಲೇ ಇಡುತ್ತಾಳೆ.